ಫ್ಲೋರೈಟ್ ಮತ್ತು ‘ಇ.ಡಿ.’ ಗಾಜು: ವರ್ತಕರು ಅರಿಯಬೇಕಾದ ಅಂಶಗಳು

ದೂರದರ್ಶಕ ಹಾಗೂ ಬೈನಾಕ್ಯುಲರ್‌ಗಳ ಮೇಲೆ ‘ಇ.ಡಿ.’ ಎಂಬ ಎರಡಕ್ಷರ ಮುದ್ರಿತವಾದೊಡನೆ ಬೆಲೆ ಏರುತ್ತದೆ. ಆದರೆ ಅದು ಯಾವುದೇ ಒಂದು ಗಾಜಿನ ಹೆಸರಲ್ಲ; ಬಣ್ಣಗಳನ್ನು ಕಡಿಮೆ ಚದುರಿಸುವ ಹಲವು ಗಾಜುಗಳಿಗೆ ಸಲ್ಲುವ ಸಾಮಾನ್ಯ ಸಂಜ್ಞೆ. ಆದುದರಿಂದ ಮಾರುವವರೂ ಕೊಳ್ಳುವವರೂ ಇದರ ಮರ್ಮವನ್ನು ಅರಿಯುವುದು ಅವಶ್ಯಕ.

ದೋಷದ ಮೂಲ

ಮಸೂರದ ಮೂಲಕ ಹಾಯುವಾಗ ನೀಲಿ ಕಿರಣಗಳು ಕೆಂಪು ಕಿರಣಗಳಿಗಿಂತ ಹೆಚ್ಚು ಬಾಗುತ್ತವೆ. ಎಲ್ಲ ಬಣ್ಣಗಳೂ ಒಂದೇ ಬಿಂದುವಿನಲ್ಲಿ ಸೇರದ ಕಾರಣ ಚಂದ್ರನ ಅಂಚಿನಲ್ಲಿ ನೇರಳೆ ಛಾಯೆ ತೋರುತ್ತದೆ. ಇದೇ ವರ್ಣದೋಷ. 1758ರಲ್ಲಿ ಲಂಡನ್ನಿನ ಜಾನ್ ಡಾಲಂಡ್ ಪೇಟೆಂಟ್ ಪಡೆದ ಕ್ರೌನ್–ಫ್ಲಿಂಟ್ ಜೋಡಿ ಮಸೂರವು ಎರಡು ಬಣ್ಣಗಳನ್ನು ಒಂದೆಡೆ ತಂದಿತಾದರೂ ಅಲ್ಪ ದೋಷ ಉಳಿದೇ ಇತ್ತು.

ಪರಿಹಾರ

ಗಾಜು ಬಣ್ಣಗಳನ್ನು ಎಷ್ಟು ಕಡಿಮೆ ಚದುರಿಸುತ್ತದೆಯೋ ಅದರ ‘ಆಬೆ ಸಂಖ್ಯೆ’ ಅಷ್ಟು ಹೆಚ್ಚು. ಸಾಮಾನ್ಯ ಕ್ರೌನ್ ಗಾಜಿಗೆ ಇದು ಸುಮಾರು 64. ಕ್ಯಾಲ್ಸಿಯಂ ಫ್ಲೋರೈಡ್ ಹರಳಾದ ಫ್ಲೋರೈಟ್‌ಗೆ ಸುಮಾರು 95. ತಕ್ಕ ಗಾಜಿನೊಡನೆ ಜೋಡಿಸಿದಾಗ ಫ್ಲೋರೈಟ್ ಉಳಿಕೆ ದೋಷವನ್ನೂ ಬಹುಮಟ್ಟಿಗೆ ನಿವಾರಿಸುತ್ತದೆ. ಜರ್ಮನಿಯ ಅರ್ನ್ಸ್ಟ್ ಆಬೆಯವರು 1886ರ ಸುಮಾರಿಗೆ ಝೈಸ್ ಸೂಕ್ಷ್ಮದರ್ಶಕಗಳಲ್ಲಿ ನೈಸರ್ಗಿಕ ಫ್ಲೋರೈಟ್ ಬಳಸಿದರು. ಆದರೆ ನಿರ್ಮಲವಾದ ದೊಡ್ಡ ಹರಳುಗಳು ಅಪರೂಪ. ಜಪಾನಿನ ಕೆನಾನ್ ಸಂಸ್ಥೆಯು ಕೃತಕವಾಗಿ ಬೆಳೆಸಿದ ಹರಳಿನ ಕ್ಯಾಮೆರಾ ಮಸೂರವನ್ನು 1969ರಲ್ಲಿ ಮಾರುಕಟ್ಟೆಗೆ ತಂದಿತು. ಫ್ಲೋರೈಟ್ ಮೃದು, ಉಷ್ಣಕ್ಕೆ ಹೆಚ್ಚು ಹಿಗ್ಗುತ್ತದೆ, ಆದುದರಿಂದ ಉಜ್ಜಿ ಹೊಳಪು ನೀಡುವ ಕೆಲಸ ದುಬಾರಿ. ಫ್ಲೋರೈಡ್ ಸೇರಿಸಿ ತಯಾರಿಸುವ ಇ.ಡಿ. ಗಾಜು ಇದಕ್ಕೆ ಪರ್ಯಾಯ.

ಮುದ್ರೆ ಒಂದೇ, ಗುಣ ಬೇರೆ

ಜಪಾನಿನ ಒಹಾರಾ ಸಂಸ್ಥೆಯ ಎಫ್‌ಪಿಎಲ್-51 ಗಾಜಿನ ಆಬೆ ಸಂಖ್ಯೆ ಸುಮಾರು 81.5, ಎಫ್‌ಪಿಎಲ್-53ರದು ಸುಮಾರು 95, ಅಂದರೆ ಫ್ಲೋರೈಟ್‌ಗೆ ಸಮೀಪ. ಎರಡೂ ‘ಇ.ಡಿ.’ ಎಂದೇ ಮಾರಾಟವಾಗುತ್ತವೆ. ಆದುದರಿಂದ ಸರಕು ತರಿಸುವ ಮುನ್ನ ಈ ಅಂಶಗಳನ್ನು ಲಿಖಿತವಾಗಿ ಕೇಳಿ ಪಡೆಯುವುದು ಲೇಸು:

1. ಗಾಜಿನ ತಯಾರಕರು ಯಾರು, ಅದರ ಸಂಕೇತವೇನು?
2. ಅದರೊಡನೆ ಜೋಡಿಸಿರುವ ಗಾಜು ಯಾವುದು? ಜೋಡಿ ತಕ್ಕುದಲ್ಲದಿದ್ದರೆ ಉತ್ತಮ ಗಾಜೂ ವ್ಯರ್ಥ.
3. ವ್ಯಾಸಕ್ಕೆ ಹೋಲಿಸಿದರೆ ಸಂಗಮದೂರ ಎಷ್ಟು? ವ್ಯಾಸ ಒಂದೇ ಆಗಿದ್ದು ಸಂಗಮದೂರ ಹೆಚ್ಚಿದಂತೆ ಉಳಿಕೆ ವರ್ಣದೋಷ ತಗ್ಗುತ್ತದೆ.

ಬೈನಾಕ್ಯುಲರ್‌ಗಳಲ್ಲಿ ದೃಶ್ಯದ ಅಂಚಿಗೆ ಕಾಣುವ ಬಣ್ಣವು ಹಲವೊಮ್ಮೆ ಕಣ್ಣಿನ ಬಳಿಯ ಮಸೂರಗಳಿಂದ ಉಂಟಾಗುತ್ತದೆ. ಮುಂದಿನ ಮಸೂರ ಇ.ಡಿ. ಆದ ಮಾತ್ರಕ್ಕೆ ಅದು ಮಾಯವಾಗದು. ಬೆಳಗುವ ಆಕಾಶದ ಎದುರು ಕಪ್ಪಗೆ ಕಾಣುವ ಕೊಂಬೆಯನ್ನು ನೋಡಿ ಪರೀಕ್ಷಿಸಬಹುದು. ಸೂರ್ಯನತ್ತ ಎಂದಿಗೂ ತಿರುಗಿಸಬಾರದು.

ಗ್ರಾಹಕನು ಎರಡಕ್ಷರವನ್ನು ನಂಬಿ ಹಣ ತೆರುತ್ತಾನೆ. ಆ ಅಕ್ಷರಗಳ ಹಿಂದಿರುವ ಗಾಜು ಯಾವುದೆಂದು ಹೇಳಬಲ್ಲ ವರ್ತಕನೇ ಆ ನಂಬಿಕೆಯನ್ನು ಉಳಿಸಿಕೊಳ್ಳಬಲ್ಲನು.