ಜಾತ್ರೆ ಹಂಗಾಮಿನ ಮದುವೆ ನಾಟಕ: ರಚನೆ ಮತ್ತು ಮಾರಾಟದ ನೆಲೆಗಳು

ಕನ್ನಡ ವೃತ್ತಿರಂಗಭೂಮಿಯನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಪೌರಾಣಿಕ ಮತ್ತು ಐತಿಹಾಸಿಕ ನಾಟಕಗಳ ಸುತ್ತ ಬೆಳೆದಿವೆ. ವಿಜಯಪುರ ಪರಿಸರದ ಮಟ್ಟಿಗೆ ಹೇಳುವುದಾದರೆ ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ ಈ ಬಗೆಯ ಚರ್ಚೆಯ ಕೇಂದ್ರದಲ್ಲಿದೆ. ನಗರದ ರಂಗಮಂದಿರಕ್ಕೂ ಅವರ ಹೆಸರನ್ನೇ ಇಡಲಾಗಿದೆ. ಆದರೆ ಇದೇ ಸೀಮೆಯ ಪ್ರೇಕ್ಷಕರು ಕಳೆದ ಹಲವು ದಶಕಗಳಿಂದ ಜಾತ್ರೆಯ ರಾತ್ರಿಗಳಲ್ಲಿ ಟಿಕೆಟ್ಟು ಕೊಂಡು ನೋಡುತ್ತ ಬಂದಿರುವುದು ಹೆಚ್ಚಾಗಿ ಬೇರೊಂದು ಬಗೆಯ ನಾಟಕವನ್ನು. ಹುಡುಗ ಹುಡುಗಿಯ ಒಲವು, ಹಿರಿಯರ ಅಡ್ಡಿ, ಹಾಸ್ಯಗಾರನ ಹೂಟ, ಕೊನೆಗೊಂದು ಮದುವೆ: ಇಷ್ಟೇ ಅದರ ಬಂಡವಾಳ. ‘ಅಗ್ಗದ ರಂಜನೆ’ ಎಂಬ ಒಂದು ಮಾತಿನಲ್ಲಿ ವಿಮರ್ಶೆ ಇದನ್ನು ಬದಿಗಿಟ್ಟಿದೆ. ಇದನ್ನು ಬರೆದವರು ಯಾರು, ಬರೆದದ್ದನ್ನು ಕೊಂಡವರು ಯಾರು, ಕೊಳ್ಳುವವರ ಅಗತ್ಯ ಬರವಣಿಗೆಯನ್ನು ಹೇಗೆ ತಿದ್ದಿತು ಎಂಬ ಪ್ರಶ್ನೆಗಳನ್ನು ಅದು ಎತ್ತಿದ್ದು ವಿರಳ. ಈ ನಾಟಕದ ರೂಪವನ್ನು ಅದರ ಹಂಗಾಮು ಮತ್ತು ಅದರ ಮಾರಾಟ ಇವೆರಡರಿಂದ ಬಿಡಿಸಿ ಅರ್ಥಮಾಡಿಕೊಳ್ಳಲು ಸಾಧ್ಯವಿಲ್ಲ ಎಂಬ ನಿಲುವಿನಿಂದ ಪ್ರಸ್ತುತ ಲೇಖನ ಹೊರಡುತ್ತದೆ. ಹಬ್ಬದ ದಿನಗಳಿಗೆಂದೇ ದೂರದರ್ಶನ ವಾಹಿನಿಗಳು ಮಾಡಿಸುವ ಪ್ರಣಯ ಹಾಸ್ಯಚಿತ್ರಗಳ ರಚನಾಕ್ರಮವನ್ನೂ ಹೋಲಿಕೆಗಾಗಿ ಬಳಸಿಕೊಳ್ಳಲಾಗಿದೆ.

ಮೊದಲಿಗೆ ಹಂಗಾಮಿನ ಮಾತು. ವಿಜಯಪುರದ ಸಿದ್ಧೇಶ್ವರ ಜಾತ್ರೆ ಮಕರ ಸಂಕ್ರಮಣಕ್ಕೆ ನಡೆಯುತ್ತದೆ. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆ ಪುಷ್ಯ ಮಾಸದ ಬನದ ಹುಣ್ಣಿಮೆಗೆ ಆರಂಭವಾಗಿ ವಾರಗಟ್ಟಲೆ ಮುಂದುವರಿಯುತ್ತದೆ. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ಈ ಎರಡೂ ಜಾತ್ರೆಗಳು ಒಂದೇ ಜಿಲ್ಲೆಯವು. ಬನಶಂಕರಿಯಲ್ಲಿ ಹಲವು ನಾಟಕ ಕಂಪನಿಗಳು ಏಕಕಾಲಕ್ಕೆ ಥೇಟರು ಹಾಕುತ್ತವೆ. ದಿನಕ್ಕೆ ಎರಡು ಮೂರು ಪ್ರಯೋಗಗಳಾಗುತ್ತವೆ, ಬೆಳಗಿನ ಜಾವದವರೆಗೂ ಆಟ ನಡೆಯುತ್ತದೆ. ವರ್ಷದ ಗಳಿಕೆಯ ದೊಡ್ಡ ಪಾಲು ಈ ಕ್ಯಾಂಪಿನ ಮೇಲೆ ನಿಂತಿರುವುದರಿಂದ ಕಂಪನಿಯ ಮಾಲೀಕನಿಗೆ ಇದು ರೈತನ ಸುಗ್ಗಿ ಇದ್ದಂತೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಪುಷ್ಯ ಮಾಸದಲ್ಲಿ ಸಾಮಾನ್ಯವಾಗಿ ಮದುವೆಗಳಾಗುವುದಿಲ್ಲ; ಮುಹೂರ್ತಗಳು ಮಾಘದಿಂದ ತೆರೆದುಕೊಳ್ಳುತ್ತವೆ. ಹೊಲದಲ್ಲಿ ಬಿಳಿಜೋಳ ತೆನೆಗಟ್ಟಿ ನಿಂತಿರುವ, ಮನೆಯಲ್ಲಿ ಹೆಣ್ಣು ಗಂಡಿನ ಮಾತುಕತೆ ನಡೆದಿರುವ, ಆದರೆ ತಾಳಿ ಇನ್ನೂ ಕಟ್ಟಲಾಗದ ಕಾಲವಿದು. ಇಂತಹ ಕಾಲದಲ್ಲಿ ರಂಗದ ಮೇಲೆ ರಾತ್ರಿಗೆರಡು ಸಲ ಮದುವೆಯಾಗುತ್ತದೆ. ಹಣ, ಹಠ, ವಯಸ್ಸು, ಸಾಲ, ಒಪ್ಪಿಗೆ ಎಂಬ ಯಾವ ಸಂಗತಿಗಳು ಮುಂದಿನ ತಿಂಗಳು ಪ್ರೇಕ್ಷಕನ ಮನೆಯಂಗಳಕ್ಕೆ ಬರಲಿವೆಯೋ ಅವನ್ನೇ ಅವನು ನಗುತ್ತ ಮುಂಗಡವಾಗಿ ನೋಡಿ ಹೋಗುತ್ತಾನೆ. ಜಾತ್ರೆ ನಾಟಕದ ವಸ್ತು ಮದುವೆಯ ಸುತ್ತಲೇ ಸುತ್ತುವುದಕ್ಕೆ ಬರೆಯುವವನ ಕಲ್ಪನಾ ದಾರಿದ್ರ್ಯವೇ ಕಾರಣವೆಂದು ಹೇಳುವವರು ಪಂಚಾಂಗವನ್ನು ಒಮ್ಮೆ ತೆರೆದು ನೋಡುವುದು ಒಳಿತು.

ಈ ವಸ್ತುವಿಗೆ ಪರಂಪರೆಯೂ ಉಂಟು. ಹೊಸಗನ್ನಡದ ಮೊದಲ ಸ್ವತಂತ್ರ ಸಾಮಾಜಿಕ ನಾಟಕವೆಂದು ಸಾಹಿತ್ಯ ಚರಿತ್ರೆ ಗುರುತಿಸುವ ಸೂರಿ ವೆಂಕಟರಮಣ ಶಾಸ್ತ್ರಿಗಳ ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ (1887) ಕನ್ಯಾವಿಕ್ರಯವನ್ನು ಕುರಿತದ್ದು. ಹಣವಂತ ಮುದುಕನಿಗೆ ಎಳೆಯ ಹುಡುಗಿಯನ್ನು ಕೊಡಲು ಹೊರಟ ತಂದೆಯ ಕಥೆಯಾದ ಗೋವಿಂದ ಬಲ್ಲಾಳ ದೇವಲರ ಮರಾಠಿ ‘ಶಾರದಾ’ 1899ರಲ್ಲಿ ರಂಗಕ್ಕೆ ಬಂದಿತು. ಮರಾಠಿ ಕಂಪನಿಗಳ ಪ್ರಭಾವ ಮತ್ತು ಪೈಪೋಟಿಗಳ ನಡುವೆ ಬೆಳೆದ ಉತ್ತರ ಕರ್ನಾಟಕದ ರಂಗಭೂಮಿಗೆ ಈ ವಸ್ತು ಅಪರಿಚಿತವಲ್ಲ. ಸೂಳೇಭಾವಿಯ ಪಿ. ಬಿ. ಧುತ್ತರಗಿಯವರ ‘ಮುದುಕನ ಮದುವೆ’ ಇದೇ ಸಾಲಿನಲ್ಲಿ ಬರುತ್ತದೆ. ವ್ಯತ್ಯಾಸವಿರುವುದು ಧಾಟಿಯಲ್ಲಿ. ಹತ್ತೊಂಬತ್ತನೆಯ ಶತಮಾನದ ಕೃತಿಗಳಲ್ಲಿ ಮುದುಕ ಖಂಡನೆಗೆ ಗುರಿಯಾದರೆ ಧುತ್ತರಗಿಯವರಲ್ಲಿ ಅವನು ನಗೆಗೆ ಗುರಿಯಾಗುತ್ತಾನೆ. ಸುಧಾರಣೆಯ ಆವೇಶವು ಜಾತ್ರೆಯ ನಗೆಯಾಗಿ ಪರಿವರ್ತನೆಗೊಂಡಾಗ ಅದರ ಮೊನೆ ಮೊಂಡಾಯಿತೆ? ಹಾಗೆ ತೀರ್ಮಾನಿಸುವುದು ಅವಸರವಾದೀತು. ಉಪದೇಶ ಕೇಳಲು ಹಣ ಕೊಡದ ಪ್ರೇಕ್ಷಕ ವರ್ಗಕ್ಕೆ ಅದೇ ಪ್ರಶ್ನೆಯನ್ನು ತಲುಪಿಸಲು ನಗೆಗಿಂತ ಬೇರೆ ದಾರಿ ಇರಲಿಲ್ಲ ಎಂಬುದನ್ನೂ ಪರಿಗಣಿಸಬೇಕಾಗುತ್ತದೆ.

ಇನ್ನು ರಚನೆಯ ಪ್ರಶ್ನೆ. ಕಂಪನಿಯ ಭಾಷೆಯಲ್ಲಿ ನಾಟಕ ಬರೆಯುವವನು ‘ಕವಿ’. ಈ ಕವಿ ಖಾಲಿ ಹಾಳೆಯ ಮುಂದೆ ಕುಳಿತಾಗಲೇ ಹಲವು ತೀರ್ಮಾನಗಳು ಆಗಿಹೋಗಿರುತ್ತವೆ. ಕಂಪನಿಯಲ್ಲಿ ಯಾರಿದ್ದಾರೆ, ಯಾರು ಹಾಡಬಲ್ಲರು, ಹಾಸ್ಯಗಾರನ ಮೈಕಟ್ಟು ಎಂಥದು ಎಂಬುದನ್ನು ನೋಡಿಕೊಂಡು ಪಾತ್ರಗಳು ಹುಟ್ಟಬೇಕು. ಈ ಅಂಕೆಗಳಲ್ಲಿ ಎರಡು ವಿಶೇಷ ಗಮನಕ್ಕೆ ಅರ್ಹವಾಗಿವೆ. ಮೊದಲನೆಯದು ಪರದೆ. ಪಾರ್ಸಿ ರಂಗಭೂಮಿಯಿಂದ ಬಂದ ಪರದೆಗಳ ಏರ್ಪಾಟಿನಲ್ಲಿ ಹಿಂದೆ ಜಮೀನ್ದಾರನ ದಿವಾನಖಾನೆಯೋ ಬಡವನ ಗುಡಿಸಲೋ ಸಜ್ಜಾಗುವವರೆಗೆ ಮುಂದೆ ಬೀದಿಯ ಚಿತ್ರವಿರುವ ಪರದೆ ಬಿಟ್ಟು, ಅದರ ಎದುರಿಗೆ ಯಾವುದಾದರೂ ಸಣ್ಣ ದೃಶ್ಯ ಆಡಿಸಬೇಕು. ಆ ಹೊತ್ತು ಹಾಸ್ಯಗಾರನದು. ಅವನಿಗೊಬ್ಬಳು ಜೋಡಿ ಬೇಕು. ಹೀಗೆ ನಾಯಕ ನಾಯಕಿಯರ ಗಂಭೀರ ಪ್ರಣಯದ ಜೊತೆಗೆ ಹಾಸ್ಯದ ಜೋಡಿಯೊಂದರ ಜಗಳಗಂಟಿ ಪ್ರಣಯ ಸಮಾನಾಂತರವಾಗಿ ಸಾಗುತ್ತದೆ. ಕಾವ್ಯಮೀಮಾಂಸೆಯಲ್ಲಿ ಇದಕ್ಕೆ ಸಮರ್ಥನೆ ಹುಡುಕಬಹುದು. ಆದರೆ ಮೂಲದಲ್ಲಿ ಅದು ಸಾಮಾನು ಸಾಗಿಸಲು ಬೇಕಾದ ಕೆಲವು ನಿಮಿಷಗಳ ಕೂಸು. ಕಾಲಾನಂತರದಲ್ಲಿ ಈ ಕೂಸೇ ಮನೆಯ ಯಜಮಾನಿಕೆ ವಹಿಸಿಕೊಂಡಿತು. ಜಾತ್ರೆಯ ಪ್ರೇಕ್ಷಕ ಕಾಯುವುದು ಹಾಸ್ಯದ ಜೋಡಿಗಾಗಿ. ನಾಯಕ ನಾಯಕಿಯರು ಅನೇಕ ನಾಟಕಗಳಲ್ಲಿ ನೆಪಕ್ಕೆ ಉಳಿದಿದ್ದಾರೆ.

ಎರಡನೆಯದು ಸ್ತ್ರೀಪಾತ್ರಗಳ ಸಂಖ್ಯೆ. ನಾಟಕಕ್ಕೆ ಕಂಪನಿಯೊಂದೇ ಗಿರಾಕಿಯಲ್ಲ. ಮುದ್ರಿತ ಪ್ರತಿ ತಿಕೋಟಾ, ಬಬಲೇಶ್ವರಗಳಂತಹ ಊರುಗಳ ಸುತ್ತಲಿನ ಹಳ್ಳಿಗಳ ಹವ್ಯಾಸಿ ತಂಡಗಳಿಗೂ ಮಾರಾಟವಾಗಬೇಕು. ಊರ ಜಾತ್ರೆಗೆ ನಾಟಕ ಆಡುವ ಈ ತಂಡಗಳಲ್ಲಿ ಗಂಡು ಪಾತ್ರಗಳನ್ನು ಊರಿನವರೇ ವಹಿಸುತ್ತಾರೆ. ಹೆಣ್ಣು ಪಾತ್ರಗಳಿಗೆ ವೃತ್ತಿ ಕಲಾವಿದೆಯರನ್ನು ಹಣ ಕೊಟ್ಟು ಕರೆಸುತ್ತಾರೆ. ಸ್ತ್ರೀಪಾತ್ರ ಹೆಚ್ಚಾದಷ್ಟೂ ಖರ್ಚು ಹೆಚ್ಚು, ಖರ್ಚು ಹೆಚ್ಚಾದಷ್ಟೂ ಪುಸ್ತಕ ಕೊಳ್ಳುವವರು ಕಡಿಮೆ. ಆದ್ದರಿಂದ ಎರಡು ಮೂರು ಸ್ತ್ರೀಪಾತ್ರಗಳಲ್ಲಿ ಕಥೆ ಮುಗಿಯಬೇಕಾಗುತ್ತದೆ. ಇಂತಹ ನಾಟಕಗಳಲ್ಲಿ ಹುಡುಗಿಗೆ ತಾಯಿ ಇಲ್ಲದಿರುವುದು, ಗೆಳತಿಯರು ಕಾಣದಿರುವುದು, ತಂದೆ ಅಥವಾ ಅಣ್ಣನೊಬ್ಬನೇ ಅವಳ ಮದುವೆಯನ್ನು ನಿರ್ಧರಿಸುವುದು ಇವನ್ನು ಪಿತೃಪ್ರಧಾನ ಮೌಲ್ಯಗಳ ಪ್ರತಿಬಿಂಬವೆಂದು ಓದುವುದು ರೂಢಿ. ಆ ಓದು ತಪ್ಪಲ್ಲ. ಆದರೆ ಅದರ ಹಿಂದೆ ಕಲಾವಿದೆಯ ಒಂದು ರಾತ್ರಿಯ ಸಂಭಾವನೆಯ ಲೆಕ್ಕವೂ ಇದೆ. ವಿಶೇಷವೆಂದರೆ ಹೊರಗಿನಿಂದ ಬಂದ ಈ ವೃತ್ತಿ ಕಲಾವಿದೆ ಊರಿನ ಹವ್ಯಾಸಿ ನಾಯಕನಿಗಿಂತ ಹೆಚ್ಚು ಪಳಗಿದವಳು. ಅವನು ಮಾತು ಮರೆತರೆ ದೃಶ್ಯವನ್ನು ದಡ ಸೇರಿಸುವವಳು ಅವಳೇ. ಪಠ್ಯದಲ್ಲಿ ಬಾಯಿಲ್ಲದ ಹುಡುಗಿ ಪ್ರಯೋಗದಲ್ಲಿ ಎಲ್ಲರಿಗಿಂತ ಗಟ್ಟಿಯಾಗಿರುತ್ತಾಳೆ.

ಹೀಗೆ ಗಿರಾಕಿಯ ಅಳತೆಗೆ ಕಥೆ ಹೊಲಿಯುವುದು ನಮ್ಮ ಜಾತ್ರೆಗಳಿಗೆ ಮಾತ್ರ ಸೀಮಿತವಲ್ಲ. ಅಮೆರಿಕದಲ್ಲಿ ಶುಭಾಶಯ ಪತ್ರಗಳನ್ನು ಮಾರುವ ಹಾಲ್‌ಮಾರ್ಕ್ ಸಂಸ್ಥೆಯ ವಾಹಿನಿ 2009ರಿಂದ ಪ್ರತಿ ವರ್ಷ ಕ್ರಿಸ್‌ಮಸ್ ಹಂಗಾಮಿಗೆ ಪ್ರಣಯಚಿತ್ರಗಳ ವಿಶೇಷ ಸರಣಿಯನ್ನು ಪ್ರಸಾರ ಮಾಡುತ್ತ ಬಂದಿದೆ. ಎರಡು ಗಂಟೆಯ ವೇಳೆಯಲ್ಲಿ ಜಾಹೀರಾತು ಕಳೆದರೆ ಉಳಿಯುವುದು ಒಂದೂವರೆ ಗಂಟೆಗೂ ಕಡಿಮೆ. ಅದನ್ನು ಒಂಬತ್ತು ಭಾಗಗಳಾಗಿ ವಿಂಗಡಿಸಿ, ಪ್ರತಿ ಭಾಗದ ಕೊನೆಗೆ ಪ್ರೇಕ್ಷಕ ವಾಹಿನಿ ಬದಲಿಸದಂತೆ ಸಣ್ಣದೊಂದು ಕುತೂಹಲ ಉಳಿಸಿ ಬರೆಯುವುದು ಅಲ್ಲಿನ ಪದ್ಧತಿ. ಪಟ್ಟಣದಲ್ಲಿ ಉದ್ಯೋಗದಲ್ಲಿರುವ ಯುವತಿ ಹಬ್ಬಕ್ಕೆ ಸಣ್ಣ ಊರಿಗೆ ಬರುತ್ತಾಳೆ, ಅಲ್ಲಿಯವನೊಬ್ಬನ ಪರಿಚಯವಾಗುತ್ತದೆ, ಕೊನೆಯ ಭಾಗದವರೆಗೆ ಮುತ್ತು ಮುಂದೂಡಲ್ಪಡುತ್ತದೆ. ಚಿತ್ರೀಕರಣ ಕೆಲವೇ ವಾರಗಳಲ್ಲಿ, ಹಲವೊಮ್ಮೆ ಬೇಸಿಗೆಯಲ್ಲಿ ಕೃತಕ ಹಿಮ ಹರಡಿ ಮುಗಿಯುತ್ತದೆ. ಲೇಖಕ ಮೊದಲು ಮಾರುವುದು ಚಿತ್ರಕಥೆಯನ್ನಲ್ಲ, ಒಂದೆರಡು ವಾಕ್ಯದ ಕಥಾಸಾರವನ್ನು.

ಅಲ್ಲಿ ಜಾಹೀರಾತು ಮಾಡುವ ಕೆಲಸವನ್ನು ಇಲ್ಲಿ ಪರದೆ ಮಾಡುತ್ತದೆ. ಎರಡೂ ಕಡೆ ಅಂತ್ಯ ಮೊದಲೇ ಗೊತ್ತಿರುತ್ತದೆ. ಪ್ರೇಕ್ಷಕ ಹಣವನ್ನೋ ಸಮಯವನ್ನೋ ತೆರುವುದು ಆ ಭರವಸೆಗಾಗಿಯೇ. ಆದರೆ ಅಡ್ಡಿಯ ಸ್ವರೂಪದಲ್ಲಿ ಮೂಲಭೂತ ಭೇದವಿದೆ. ಅಮೆರಿಕದ ಚಿತ್ರದಲ್ಲಿ ತೊಡಕು ಇರುವುದು ನಾಯಕಿಯ ಮನಸ್ಸಿನೊಳಗೆ. ಅವಳು ಏನನ್ನು ಆಯ್ದುಕೊಳ್ಳಬೇಕೆಂಬುದೇ ಪ್ರಶ್ನೆ. ಜಾತ್ರೆ ನಾಟಕದಲ್ಲಿ ತೊಡಕು ಹೊರಗಿದೆ: ಸಾವುಕಾರನ ಸಾಲ, ತಂದೆಯ ಆಸೆ, ಮುದುಕನ ಹಣ. ಅವಳಿಗೆ ಏನು ಬೇಕೆಂಬುದು ಮೊದಲ ಅಂಕದಲ್ಲೇ ಸ್ಪಷ್ಟ. ಅದನ್ನು ಕೇಳುವವರಿಲ್ಲ ಎಂಬುದೇ ನಾಟಕ.

ಮಾರಾಟದ ನೆಲೆಯಲ್ಲಿ ಕಂಪನಿಯ ಕವಿಯ ಸ್ಥಾನ ಇನ್ನೂ ದುರ್ಬಲ. ಕಥಾಸಾರಕ್ಕೆ ಬದಲು ಇಲ್ಲಿ ಮಾರಾಟವಾಗುವುದು ಶೀರ್ಷಿಕೆ. ಬಣ್ಣದ ಬೋರ್ಡಿನ ಮೇಲೆ ಬರೆಯಲು, ಧ್ವನಿವರ್ಧಕ ಕಟ್ಟಿದ ಗಾಡಿಯಿಂದ ಕೂಗಲು ಅದು ಹೊಂದಬೇಕು. ಜಾತ್ರೆಯ ದ್ವಂದ್ವಾರ್ಥದ ಶೀರ್ಷಿಕೆಗಳ ಬಗ್ಗೆ ಬಂದ ಟೀಕೆ ನ್ಯಾಯವಾದದ್ದೇ. ಆದರೆ ಹಲವೊಮ್ಮೆ ಹಳೆಯ ಸಭ್ಯ ನಾಟಕವೊಂದಕ್ಕೆ ಮಾಲೀಕ ಇಟ್ಟ ಹೊಸ ಹೆಸರು ಅದು ಎಂಬುದನ್ನು ಟೀಕಾಕಾರರು ಮರೆಯುತ್ತಾರೆ. ಹೆಸರು ಬದಲಾದೊಡನೆ ಕವಿಯ ಹೆಸರೂ ಬೋರ್ಡಿನಿಂದ ಜಾರುತ್ತದೆ. ಒಂದು ಗಂಟು ಹಣ ಕೊಟ್ಟು, ಬಾಯಿಮಾತಿನಲ್ಲಿ ಹಸ್ತಪ್ರತಿ ಪಡೆಯುವ ರೂಢಿಯಲ್ಲಿ ಯಾವ ಹಕ್ಕು ಮಾರಾಟವಾಯಿತು, ಎಷ್ಟು ಕಾಲಕ್ಕೆ ಎಂಬುದು ಎಲ್ಲಿಯೂ ದಾಖಲಾಗುವುದಿಲ್ಲ. 1957ರ ಕೃತಿಸ್ವಾಮ್ಯ ಅಧಿನಿಯಮದ 19ನೆಯ ಪ್ರಕರಣದಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ಸಹಿ ಇರಬೇಕು. ಅವಧಿಯನ್ನು ಹೇಳದಿದ್ದರೆ ಅದನ್ನು ಐದು ವರ್ಷವೆಂದು ಭಾವಿಸಬೇಕು. ಈ ದೃಷ್ಟಿಯಿಂದ ಬಾಯಿಮಾತಿನಲ್ಲಿ ಕೈಬದಲಾದ ನಾಟಕಗಳ ಹಕ್ಕು ಕಾನೂನಿನ ಪ್ರಕಾರ ಕವಿಯ ಬಳಿಯೇ ಉಳಿದಿದೆ ಎನ್ನಬೇಕಾಗುತ್ತದೆ. ಮುದ್ರಿತ ಪುಸ್ತಕಗಳ ಮೊದಲ ಪುಟದಲ್ಲಿ ‘ಆಡುವವರು ಕವಿಗಳ ಅನುಮತಿ ಪಡೆಯತಕ್ಕದ್ದು’ ಎಂಬರ್ಥದ ಸೂಚನೆ ಇರುವುದುಂಟು. ಅದನ್ನು ಓದಿ ಅನುಮತಿ ಕೇಳಿದವರೆಷ್ಟು ಎಂಬುದು ಬೇರೆ ಮಾತು.

ರಂಗದಿಂದ ತೆರೆಗೆ ದಾಟಿದ ಉದಾಹರಣೆಗಳು ಇಲ್ಲವೆಂದಲ್ಲ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ರಾಜಕುಮಾರ್ ಅಭಿನಯದಲ್ಲಿ ಚಲನಚಿತ್ರವಾಯಿತು. ಸಿರಿವಂತ ಮನೆತನದ ಹಮ್ಮನ್ನು ಬಡ ಯುವಕ ಮುರಿದು ಆ ಮನೆಯ ಹುಡುಗಿಯನ್ನು ವರಿಸುವ ಕಥೆ ಜಾತ್ರೆಯ ಪ್ರೇಕ್ಷಕರಿಗೆ ಮೊದಲೇ ಪರಿಚಿತವಾಗಿತ್ತು. ವಿಜಯಪುರ ಜಿಲ್ಲೆಯವರೇ ಆದ ರಾಜು ತಾಳಿಕೋಟೆಯವರ ದಾರಿ ಇದಕ್ಕಿಂತ ಭಿನ್ನ. ಅವರ ‘ಕಲಿಯುಗದ ಕುಡುಕ’ ಧ್ವನಿಸುರುಳಿಯಾಗಿ ಉತ್ತರ ಕರ್ನಾಟಕದಾದ್ಯಂತ ಹರಡಿತು. ಥೇಟರಿನ ನಗೆ ಚಹಾದಂಗಡಿಗೂ ಬಸ್ಸಿಗೂ ಬಂದದ್ದು ಹೀಗೆ. ಆಮೇಲೆ ‘ಮನಸಾರೆ’ (2009), ‘ಪಂಚರಂಗಿ’ (2010) ಎಂಬ ಯೋಗರಾಜ್ ಭಟ್ಟರ ಪ್ರಣಯ ಹಾಸ್ಯಚಿತ್ರಗಳಲ್ಲಿ ಅವರು ಕಾಣಿಸಿಕೊಂಡರು, ಕಿರುತೆರೆಗೂ ಬಂದರು. 2025ರ ಅಕ್ಟೋಬರಿನಲ್ಲಿ ನಿಧನರಾದಾಗ ಅವರು ಧಾರವಾಡ ರಂಗಾಯಣದ ನಿರ್ದೇಶಕರಾಗಿದ್ದರು. ಈ ಪಯಣದಲ್ಲಿ ದಾಟಿ ಹೋದದ್ದು ನಟ, ಅವನ ನಾಲಗೆ, ಅವನ ಗತಿ. ನಾಟಕದ ಪಠ್ಯ ಅಷ್ಟು ಸುಲಭವಾಗಿ ದಾಟಲಿಲ್ಲ.

ಕನ್ನಡ ಖಾಸಗಿ ವಾಹಿನಿಗಳು 1994ರಲ್ಲಿ ಉದಯ ಟಿ.ವಿ.ಯಿಂದ ಆರಂಭಗೊಂಡು ವಿಸ್ತರಿಸಿದ ಮೇಲೆ ಯುಗಾದಿ, ಗಣೇಶ ಚೌತಿ, ದೀಪಾವಳಿಗಳಂದು ವಿಜಯಪುರದ ಜಲನಗರದಂತಹ ಬಡಾವಣೆಗಳ ಮನೆಗಳಲ್ಲಿಯೂ ಹಬ್ಬದೂಟದ ನಂತರ ತೆರೆಯ ಮುಂದೆ ಕುಳಿತುಕೊಳ್ಳುವುದು ವಾಡಿಕೆಯಾಯಿತು. ಆದರೆ ಹಬ್ಬಕ್ಕೆಂದು ವಾಹಿನಿಗಳು ಮುಖ್ಯವಾಗಿ ಕೊಂಡದ್ದು ಚಿತ್ರಮಂದಿರಕ್ಕಾಗಿ ತಯಾರಾದ ಚಿತ್ರಗಳ ಪ್ರಸಾರದ ಹಕ್ಕನ್ನು. ಹಬ್ಬದ ದಿನಕ್ಕಾಗಿಯೇ ಪ್ರಣಯ ಹಾಸ್ಯ ಬರೆಸುವ ಪದ್ಧತಿ ಇಲ್ಲಿ ಬೇರೂರಲಿಲ್ಲ. ಹಂಗಾಮಿಗೆ ಬರೆಯುವ ಕಸುಬು ಗೊತ್ತಿದ್ದ ಕವಿಗಳು ಬಾದಾಮಿ, ಇಳಕಲ್ಲ, ತಾಳಿಕೋಟೆಗಳಲ್ಲಿದ್ದರು, ಕೊಳ್ಳುವವರು ಬೆಂಗಳೂರಿನಲ್ಲಿದ್ದರು.

ಈ ನಾಟಕಗಳ ಸಂಪಾದನೆಗೆ ತೊಡಗುವವರಿಗೆ ಮೊದಲು ಎದುರಾಗುವುದು ಯಾವ ಪ್ರತಿಯನ್ನು ಆಧಾರವಾಗಿ ಇಟ್ಟುಕೊಳ್ಳಬೇಕೆಂಬ ತೊಡಕು. ಅಚ್ಚಾದ ಪುಸ್ತಕದಲ್ಲಿ ಹಾಸ್ಯದ ದೃಶ್ಯಗಳು ಚಿಕ್ಕದಾಗಿರುತ್ತವೆ, ಏಕೆಂದರೆ ನಟ ಅದನ್ನು ಬೆಳೆಸಿಕೊಳ್ಳುತ್ತಾನೆಂಬುದು ಕವಿಗೆ ಗೊತ್ತು. ಬೆಳೆದ ರೂಪ ಉಳಿದಿರುವುದು ಕಂಪನಿಗಳ ಕೈಬರಹದ ವಹಿಗಳಲ್ಲಿ. ಅಲ್ಲಿ ಮೂಲ ಮಾತಿನ ಮೇಲೆ ಗೀಟು ಎಳೆದು, ಪಕ್ಕದಲ್ಲಿ ಬೇರೆ ಶಾಯಿಯಲ್ಲಿ ಹೊಸ ಮಾತು ಸೇರಿಸಿ, ಆ ಊರಿನ ಹೆಸರು ತೆಗೆದು ಈ ಊರಿನ ಹೆಸರು ಹಾಕಿರುತ್ತಾರೆ. ಕಂಪನಿ ಮುಚ್ಚಿದಾಗ ಪರದೆ, ಕುರ್ಚಿ, ತಗಡುಗಳಿಗೆ ಕೊಳ್ಳುವವರು ಸಿಗುತ್ತಾರೆ. ವಹಿಗಳನ್ನು ಕೇಳುವವರಿಲ್ಲದೆ ಅವು ಕಲಾವಿದರ ಮನೆಯ ಪೆಟ್ಟಿಗೆಗಳಲ್ಲಿ ಉಳಿದರೆ ಉಳಿದವು. ಅವನ್ನು ಸಂಗ್ರಹಿಸುವಾಗ ಪ್ರತಿ ತಿದ್ದುಪಡಿಯ ಪಕ್ಕದಲ್ಲಿ ಕ್ಯಾಂಪಿನ ಊರು ಮತ್ತು ವರ್ಷವನ್ನು, ಸಾಧ್ಯವಾದಲ್ಲಿ ಆ ಮಾತನ್ನು ಕಟ್ಟಿದ ನಟನ ಹೆಸರನ್ನು ಗುರುತಿಸುತ್ತ ಹೋಗಬೇಕು. ಹಾಗೆ ಮಾಡದಿದ್ದರೆ ಅಚ್ಚಿನ ಪುಸ್ತಕದ ಮೇಲೆ ಕವಿಯ ಹೆಸರು ಉಳಿದೀತು, ಜಾತ್ರೆಯಲ್ಲಿ ಆಡಿದ ನಾಟಕ ಉಳಿಯದು.