ದೇಶಕ್ಕಾಗಿ ಮೊಣಕಾಲೂರುವ ಮುನ್ನ

ನೋಡಪ್ಪ, ಕೆ.ಆರ್. ಪುರದ ನಿಮ್ಮ ಯೌವನಸ್ಥರ ಕೂಟದವರು ದೇಶದ ಪಾಪಗಳಿಗಾಗಿ ಉಪವಾಸ ಪ್ರಾರ್ಥನೆ ಇಟ್ಟುಕೊಂಡಿದ್ದೀರಿ ಅಂತ ಕೇಳಿ ಸಂತೋಷವಾಯಿತು. ಬ್ಯಾನರಿನ ಮೇಲೆ ಎರಡನೆಯ ಪೂರ್ವಕಾಲವೃತ್ತಾಂತ 7:14 ಹಾಕಿಸಿದ್ದೀರಂತೆ. ಹಾಕಿಸಿ. ಆದರೆ ಅದು ಯಾರಿಗೆ ಹೇಳಿದ ಮಾತು ಅಂತ ಒಂದು ಸಲ ನೋಡು. ಸೊಲೊಮೋನ ದೇವಾಲಯದ ಪ್ರತಿಷ್ಠೆ ಮುಗಿಸಿದ ಮೇಲೆ ದೇವರು ರಾತ್ರಿ ಕಾಣಿಸಿಕೊಂಡು ಆಡಿದ ಮಾತು ಅದು. ತಗ್ಗಿಸಿಕೊಳ್ಳಬೇಕಾದವರು ದೇವರ ಹೆಸರು ಹೊತ್ತ ಜನ, ಪಕ್ಕದ ಬೀದಿಯವರಲ್ಲ. ನೀವು ಹಂಚಿದ ಪ್ರಾರ್ಥನಾ ವಿಷಯಗಳ ಚೀಟಿಯಲ್ಲಿ ಲಂಚ, ಕುಡಿತ, ರಾಜಕಾರಣಿಗಳು, ಅನ್ಯರ ಪೂಜೆ ಎಲ್ಲಾ ಇದೆ. ನಮ್ಮದೊಂದೂ ಇಲ್ಲವಲ್ಲ!

ದಾನಿಯೇಲನ ಒಂಬತ್ತನೆಯ ಅಧ್ಯಾಯ ಓದು. ಬೈಬಲು ಅವನ ಮೇಲೆ ಒಂದು ತಪ್ಪನ್ನೂ ಹೊರಿಸಿಲ್ಲ. ಆದರೂ ಅವನು ತಪ್ಪಿದವರ ಸಾಲಿನಲ್ಲಿ ತಾನೂ ನಿಂತೇ ಅರಿಕೆ ಮಾಡಿದ.

ನಾನು ಹಲಸೂರಿನವನು. ಟ್ರಿನಿಟಿ ಚರ್ಚಿನ ಗೋಡೆಯಲ್ಲಿ ದಂಡಿನ ಕಾಲದ ಸೈನಿಕರ ನೆನಪಿನ ಫಲಕಗಳಿವೆ, ನೀನೂ ನೋಡಿರುತ್ತೀಯ. ಅವನ್ನು ಕಂಡಾಗೆಲ್ಲ ನನಗೆ 1857ರ ಅಕ್ಟೋಬರ್ 7 ನೆನಪಾಗುತ್ತದೆ. ಭಾರತದ ದಂಗೆಗಾಗಿ ವಿಕ್ಟೋರಿಯಾ ರಾಣಿ ಬ್ರಿಟನ್ನಿನಲ್ಲಿ ಉಪವಾಸದ ದಿನ ಸಾರಿದ್ದಳು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಹೆಸರಾಂತ ಬೋಧಕ ಸ್ಪರ್ಜನರ ಪ್ರಸಂಗಕ್ಕೆ 23 ಸಾವಿರಕ್ಕೂ ಹೆಚ್ಚು ಜನ ಸೇರಿದರು. ಪಶ್ಚಾತ್ತಾಪಕ್ಕೆಂದೇ ಕರೆದ ದಿನ ಅದು. ಆದರೂ ಸಿಪಾಯಿಗಳನ್ನು ದಂಡಿಸಬೇಕೆಂಬ ಕೂಗು ಪ್ರಸಂಗಪೀಠಗಳಿಂದಲೂ ಎದ್ದಿತು.

2019ರ ಸೆಪ್ಟೆಂಬರ್ 10ರಂದು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ಜಲಿಯನ್‌ವಾಲಾ ಬಾಗಿನಲ್ಲಿ ನೆಲಕ್ಕೆ ಉದ್ದಂಡ ಬಿದ್ದರು. ಡಯರ್ ಗುಂಡು ಹಾರಿಸಿದಾಗ ಅವರು ಹುಟ್ಟಿಯೂ ಇರಲಿಲ್ಲ. ಸರ್ಕಾರದ ಪರವಾಗಿ ಮಾತಾಡಲಾರೆ ಅಂತ ಹೇಳಿಯೇ, ನಡೆದದ್ದಕ್ಕೆ ನಾಚಿಕೆಪಟ್ಟರು. ಅದಕ್ಕೆ ಹಿಂದಿನ ಏಪ್ರಿಲಿನಲ್ಲಿ ಅವರ ಸರ್ಕಾರ ವಿಷಾದವಷ್ಟೇ ಹೇಳಿ ಸುಮ್ಮನಾಗಿತ್ತು. ನನ್ನ ಕೇಳಿದರೆ, ಆ ಬಿಷಪ್ಪರದೇ ಸರಿಯಾದ ದಾರಿ.

ನಮ್ಮ ಪಟ್ಟಿ ಎಲ್ಲಿಂದ ಶುರುಮಾಡೋಣ? ಜಾತಿಯಿಂದಲೇ ಮಾಡು. ದೀಕ್ಷಾಸ್ನಾನ ಆಗಿ ನಾಲ್ಕು ತಲೆಮಾರಾದ ಮನೆಗಳಲ್ಲೂ ಸಂಬಂಧ ನೋಡುವಾಗ ‘ಅವರು ಮೂಲ ಯಾವ ಕಡೆಯವರು’ ಅಂತ ತಗ್ಗಿದ ದನಿಯಲ್ಲಿ ಕೇಳುತ್ತಾರೆ. ಕೇಳುವವರು ಭಾನುವಾರ ಮುಂದಿನ ಬೆಂಚಿನವರೇ. ಸಭೆಯೊಳಗೆ ದಲಿತರ ಮೇಲೆ ತಾರತಮ್ಯ ಇದೆಯೆಂದು ಕಥೋಲಿಕ ಬಿಷಪ್ಪರ ಮಂಡಳಿಯೇ 2016ರಲ್ಲಿ ಲಿಖಿತವಾಗಿ ಒಪ್ಪಿಕೊಂಡಿತು. ನಾವು ಸಿ.ಎಸ್.ಐ.ನವರು ಅದನ್ನು ಓದಿ ‘ಅದು ಅವರ ಕಥೆ’ ಅಂತ ಪಕ್ಕಕ್ಕಿಡುವ ಹಾಗಿಲ್ಲ.

ಕಣ್ಣೀರಿಗೇ ನಿಲ್ಲಬೇಡಪ್ಪ. ನೆಹೆಮೀಯ ಐದನೆಯ ಅಧ್ಯಾಯವನ್ನು ನಮ್ಮ ಉಪವಾಸ ಕೂಟಗಳಲ್ಲಿ ಓದಿದ್ದು ನಾನಂತೂ ಕೇಳಿಲ್ಲ. ಯೆರೂಸಲೇಮಿನ ಗೋಡೆ ಏಳುತ್ತಿರುವಾಗಲೇ ಬಡವರು ಬಂದು ಅತ್ತರು: ಹೊಲ ಅಡವಿಟ್ಟಾಯಿತು, ಮಕ್ಕಳು ಜೀತಕ್ಕೆ ಹೋದರು, ಸಾಲ ಕೊಟ್ಟವರು ನಮ್ಮ ಅಣ್ಣತಮ್ಮಂದಿರೇ ಅಂತ. ನೆಹೆಮೀಯ ಮುಖಂಡರನ್ನು ಸಭೆಯ ಮುಂದೆ ನಿಲ್ಲಿಸಿ ಗದರಿದ, ತಾನೂ ಸಾಲ ಕೊಟ್ಟವರಲ್ಲಿ ಒಬ್ಬನೆಂದು ಬಾಯಿಬಿಟ್ಟು ಹೇಳಿದ. ಹೊಲ, ದ್ರಾಕ್ಷಿತೋಟ, ಮನೆ, ಜೊತೆಗೆ ನೂರಕ್ಕೊಂದರಂತೆ ತಿಂದ ಬಡ್ಡಿ, ಎಲ್ಲ ವಾಪಸ್ಸು. ಯಾಜಕರನ್ನು ಕರೆದು ಆಣೆ ಹಾಕಿಸಿ, ಮಡಿಲು ಝಾಡಿಸಿದ. ಗೋಡೆ 52 ದಿನಕ್ಕೆ ಮುಗಿದದ್ದನ್ನು ಎಲ್ಲರೂ ಹೇಳುತ್ತಾರೆ, ಈ ಲೆಕ್ಕ ಚುಕ್ತಾ ಆದದ್ದನ್ನು ಯಾರೂ ಹೇಳುವುದಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ. ಶುಕ್ರವಾರದ ಕೂಟಕ್ಕೆ ಮುಂಚೆ ಖಜಾಂಚಿಯವರ ಹತ್ತಿರ ಕೂತು ಚರ್ಚಿನ ಕಸ ಗುಡಿಸುವ ಆ ತಾಯಿಯ ಸಂಬಳ ಎಷ್ಟು, ಪಿ.ಎಫ್. ಕಟ್ಟುತ್ತಿದ್ದೇವಾ ಅಂತ ವಿಚಾರಿಸು. ಬಾಕಿ ಇದ್ದರೆ ಪೂರ್ತಿ ಕೊಡಿಸು. ಉಪವಾಸವನ್ನು ಆಮೇಲೆ ಶುರುಮಾಡಿ, ನಾನೂ ಬರುತ್ತೇನೆ.