ಕಾಡುಗಿಚ್ಚಿನ ಹೊಗೆಯ ಕಣಗಳು: ಪಾಠಪೂರಕ ಟಿಪ್ಪಣಿ

2018ರ ಮಾರ್ಚ್ 11ರಂದು ತೇನಿ ಜಿಲ್ಲೆಯ ಬೋಡಿನಾಯಕನೂರಿನ ಮೇಲಣ ಕುರಂಗಣಿ ಬೆಟ್ಟದಲ್ಲಿ ಒಣಹುಲ್ಲಿಗೆ ಹತ್ತಿದ ಬೆಂಕಿಯು, ಕೊಳುಕ್ಕುಮಲೈ ಕಡೆಯಿಂದ ಇಳಿಯುತ್ತಿದ್ದ ಚಾರಣಿಗರನ್ನು ಸುತ್ತುವರಿಯಿತು. 20ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಮರುವರ್ಷದ ಫೆಬ್ರವರಿಯಲ್ಲಿ ಬಂಡೀಪುರದ ಕಾಡು ಉರಿಯಿತು. ಬೆಂಕಿಯನ್ನು ಕುರಿತು ನಾವು ತರಗತಿಯಲ್ಲಿ ಮಾತನಾಡುತ್ತೇವೆ. ಬೆಂಕಿ ಆರಿದ ಮೇಲೂ ಉಳಿಯುವ ಹೊಗೆಯನ್ನು ಕುರಿತು ಮಾತನಾಡುವುದು ಕಡಿಮೆ. ಕಂಬಂ ಕಣಿವೆ ಹಾಗೂ ದಿಂಡುಕಲ್ ಕಡೆಯ ಕನ್ನಡ ಮನೆಗಳ ಮಕ್ಕಳಿಗಾಗಲಿ, ತಾಳವಾಡಿಯ ಮಕ್ಕಳಿಗಾಗಲಿ ಬೇಸಿಗೆಯ ಬೆಟ್ಟದ ಹೊಗೆ ಹೊಸತಲ್ಲ. ಬೀದಿಯಲ್ಲಿ ಕೇಳುವ ‘ಪುಗೈ’, ಮನೆಯಲ್ಲಿ ಆಡುವ ‘ಹೊಗೆ’ ಮತ್ತು ಹಳಗನ್ನಡದ ‘ಪೊಗೆ’ ಒಂದೇ ಮೂಲದ ಪದಗಳೆಂದು ತಿಳಿಸಿ ಪಾಠವನ್ನು ಆರಂಭಿಸಬಹುದು.

ಹೊಗೆಯನ್ನು ಅನಿಲವೆಂದು ಬರೆಸುವ ರೂಢಿಯುಂಟು. ಅದು ಅರ್ಧಸತ್ಯ. ಅದರಲ್ಲಿ ಅನಿಲಗಳೊಡನೆ ಅಸಂಖ್ಯ ಘನ ಹಾಗೂ ದ್ರವ ಕಣಗಳು ತೇಲುತ್ತಿರುತ್ತವೆ. ವಿಜ್ಞಾನಿಗಳು ಇವನ್ನು ಏರೋಸಾಲ್ ಎನ್ನುತ್ತಾರೆ. ಬಹುಪಾಲು ಕಣಗಳ ವ್ಯಾಸ ಒಂದು ಮೈಕ್ರೋಮೀಟರಿಗಿಂತಲೂ ಕಡಿಮೆ. ತಲೆಗೂದಲಿನ ದಪ್ಪವೋ ಸುಮಾರು 70 ಮೈಕ್ರೋಮೀಟರ್. ಕಣಗಳಲ್ಲಿ ಹೆಚ್ಚಿನದು ಸಾವಯವ ಇಂಗಾಲ, ಸ್ವಲ್ಪ ಭಾಗ ಮಾತ್ರ ಕಪ್ಪು ಇಂಗಾಲ. ಸೆಲ್ಯುಲೋಸ್ ಉರಿದಾಗ ಲೆವೊಗ್ಲುಕೋಸಾನ್ ಎಂಬ ಸಕ್ಕರೆಯ ಜಾತಿಯ ವಸ್ತು ಹುಟ್ಟುತ್ತದೆ. ಡೀಸೆಲ್ ಹೊಗೆಯಲ್ಲಿ ಅದು ಇರುವುದಿಲ್ಲ. ಆದುದರಿಂದ ಗಾಳಿಯ ಮಾದರಿಯಲ್ಲಿ ಅದು ದೊರೆತರೆ, ಸಸ್ಯವಸ್ತು ಎಲ್ಲಿಯೋ ಉರಿದಿದೆ ಎಂದು ಸಂಶೋಧಕರು ತಿಳಿಯುತ್ತಾರೆ. ಉರಿದದ್ದು ಕಾಡೋ ಅಡುಗೆಯ ಸೌದೆಯೋ ಎಂಬುದನ್ನು ಅದೊಂದೇ ಹೇಳಲಾರದು.

ಗಾಜಿನ ತುಂಡಿಗೆ ವ್ಯಾಸಲೀನ್ ಹಚ್ಚಿ ಹೊರಗಿಟ್ಟು, ಅಂಟಿದ್ದನ್ನು ಭೂತಗನ್ನಡಿಯಿಂದ ತೋರಿಸುವ ಚಟುವಟಿಕೆ ಜನಪ್ರಿಯವಾಗಿದೆ. ಅಲ್ಲಿ ಕಾಣುವುದು ಧೂಳು ಮತ್ತು ಬೂದಿ. ಹೊಗೆಯ ಸೂಕ್ಷ್ಮಕಣಗಳು ಭೂತಗನ್ನಡಿಗೆ ನಿಲುಕುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಊದುಬತ್ತಿಯೇ ಉತ್ತಮ ಸಾಧನ. ಕಪ್ಪು ಹಲಗೆಯ ಮುಂದೆ ಹಿಡಿದು ಪಕ್ಕದಿಂದ ಬೆಳಕು ಬಿಟ್ಟರೆ ಹೊಗೆ ನಸುನೀಲಿಯಾಗಿ ಕಾಣುತ್ತದೆ: ಅತಿಸಣ್ಣ ಕಣಗಳು ನೀಲಿ ಬೆಳಕನ್ನು ಹೆಚ್ಚಾಗಿ ಚದುರಿಸುತ್ತವೆ. ದಟ್ಟ ಹೊಗೆಯ ಮೂಲಕ ಬಲ್ಬನ್ನು ನೋಡಿದರೆ ಅದು ಕೆಂಪೇರುತ್ತದೆ. ಕಾಡುಗಿಚ್ಚಿನ ದಿನಗಳಲ್ಲಿ ಸಂಜೆಯ ಸೂರ್ಯ ತಾಮ್ರದ ತಟ್ಟೆಯಂತೆ ಕಾಣುವುದೂ ಇದೇ ಕಾರಣಕ್ಕೆ. ಹಾಲಿನ ಹನಿ ಬೆರೆಸಿದ ನೀರಿನಲ್ಲಿಯೂ ಇದನ್ನು ತೋರಿಸಬಹುದು, ಆದರೆ ಮಕ್ಕಳ ನೆನಪಿನಲ್ಲಿ ಉಳಿಯುವುದು ಹೊಗೆಯೇ.

ಇನ್ನು ಕಣಿವೆಯ ವಿಚಾರ. ಕಂಬಂ ಕಣಿವೆಗೆ ಒಂದು ಕಡೆ ಏಲಕ್ಕಿ ಬೆಟ್ಟಗಳು, ಇನ್ನೊಂದು ಕಡೆ ಮೇಘಮಲೈ. ಬಿಸಿಲೇರಿದಾಗ ಗಾಳಿ ಇಳಿಜಾರಿನ ಉದ್ದಕ್ಕೂ ಮೇಲೇರುತ್ತದೆ. ರಾತ್ರಿ ತಣ್ಣಗಾದ ಭಾರವಾದ ಗಾಳಿ ಕೆಳಗಿಳಿಯುತ್ತದೆ. ಶುಭ್ರವಾದ, ಗಾಳಿಯಿಲ್ಲದ ರಾತ್ರಿಗಳಲ್ಲಿ ತಂಪು ಗಾಳಿ ಕೆಳಗೂ ಬೆಚ್ಚನೆಯದು ಮೇಲೂ ನಿಂತು, ಮುಚ್ಚಳವಿಟ್ಟಂತಾಗುತ್ತದೆ. ಇದೇ ಉಷ್ಣತಾ ವಿಪರ್ಯಯ. ಹೊಗೆಯು ಅದರಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಬೆಟ್ಟದಲ್ಲಿ ಬೆಂಕಿ ಕಂಡ ಮರುದಿನದ ಮುಂಜಾನೆ, ನಾವು ಮಕ್ಕಳನ್ನು ಮೈದಾನದಲ್ಲಿ ಓಡಿಸುವ ಹೊತ್ತಿನಲ್ಲೇ, ಹೊಗೆ ದಟ್ಟವಾಗಿರಬಹುದು. ಬಿಸಿಲು ನೆಲವನ್ನು ಕಾಯಿಸಿದ ಮೇಲೆ ಮುಚ್ಚಳ ಒಡೆಯುತ್ತದೆ.

ಸಾಮಾನ್ಯವಾಗಿ ಈ ಕಣಗಳು ಕೆಲವು ದಿನಗಳಲ್ಲಿ, ಮಳೆ ಬಂದರೆ ಇನ್ನೂ ಬೇಗ, ನೆಲ ಸೇರುತ್ತವೆ. ಅಪವಾದಗಳೂ ಉಂಟು. 2019-20ರ ಆಸ್ಟ್ರೇಲಿಯದ ಕಾಡುಗಿಚ್ಚಿನ ಹೊಗೆ ಸಮೋಷ್ಣ ಮಂಡಲವನ್ನು ಹೊಕ್ಕಿತು. ಅಲ್ಲಿ ಕಪ್ಪು ಇಂಗಾಲವು ಬಿಸಿಲನ್ನು ಹೀರಿ ಸುತ್ತಲಿನ ಗಾಳಿಯನ್ನು ಕಾಯಿಸಿದ್ದರಿಂದ, ಸುಮಾರು 1000 ಕಿಲೋಮೀಟರ್ ಅಗಲದ ಹೊಗೆಯ ಸುಳಿಯೊಂದು 35 ಕಿಲೋಮೀಟರ್ ಎತ್ತರದವರೆಗೆ ಏರಿದುದನ್ನು ಉಪಗ್ರಹಗಳು ದಾಖಲಿಸಿದವು. ನಮ್ಮಲ್ಲಿ ತಿರುವನಂತಪುರದ ಬಾಹ್ಯಾಕಾಶ ಭೌತಶಾಸ್ತ್ರ ಪ್ರಯೋಗಾಲಯವು ಭಾರತದ ಮೇಲಣ ಏರೋಸಾಲ್‌ಗಳನ್ನು ಅಳೆಯುವ ಕೇಂದ್ರಗಳ ಜಾಲವನ್ನು ನಡೆಸುತ್ತಿದೆ.

2.5 ಮೈಕ್ರೋಮೀಟರಿಗಿಂತ ಚಿಕ್ಕ ಕಣಗಳು ಶ್ವಾಸಕೋಶದ ಗಾಳಿಗೂಡುಗಳವರೆಗೆ ಇಳಿಯುತ್ತವೆ. ಇವುಗಳಿಗೆ ಭಾರತದ 24 ಗಂಟೆಗಳ ಮಾನದಂಡ ಘನಮೀಟರಿಗೆ 60 ಮೈಕ್ರೋಗ್ರಾಂ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ್ದು 15. ಒದ್ದೆ ಬಟ್ಟೆ ಬೂದಿಯನ್ನು ತಡೆದೀತು, ಈ ಕಣಗಳನ್ನು ಬಹುಮಟ್ಟಿಗೆ ತಡೆಯಲಾರದು. ಅಳತೆಯ ಯಂತ್ರವಿಲ್ಲದ ಶಾಲೆಯಲ್ಲಿ ಪರಿಚಿತ ಬೆಟ್ಟವೊಂದನ್ನು ಗುರುತಾಗಿಟ್ಟುಕೊಳ್ಳಿರಿ. ಅದು ಮಂಜಿಲ್ಲದ ಬೆಳಗಿನಲ್ಲಿಯೂ ಮಸುಕಾಗಿ, ಹೊಗೆಯ ವಾಸನೆಯೂ ಇದ್ದರೆ, ವ್ಯಾಯಾಮದ ಅವಧಿಯನ್ನು ಮುಂದೂಡಿ ಮಕ್ಕಳನ್ನು ಒಳಗೆ ಕೂರಿಸಿರಿ. ಉಬ್ಬಸವಿರುವ ಮಕ್ಕಳನ್ನು ಮೊದಲು ವಿಚಾರಿಸಿರಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಬೆಟ್ಟ ಎಷ್ಟು ಗಂಟೆಗೆ ಸ್ಪಷ್ಟವಾಗಿ ಕಂಡಿತೆಂದು ಏಳನೆಯ ತರಗತಿಯವರಿಂದ ದಿನವೂ ಬರೆಸಿದರೆ, ವಿಪರ್ಯಯ ಯಾವಾಗ ಒಡೆಯುತ್ತದೆಂಬುದನ್ನು ಅವರೇ ಕಂಡುಕೊಳ್ಳುವರು.